ಒಂಬತ್ತು ರಾತ್ರಿಯ ಗಾಯ

ಫೆಬ್ರವರಿ 3

ಪ್ರೀತಿಯ ಅಕ್ಕನಿಗೆ,

ನಿನ್ನ ಆಸ್ಪತ್ರೆಯವರ ಒಪ್ಪಿಗೆ ಪತ್ರ ಬಂತು. ಇಂದಿನಿಂದ ನೀನು ನನಗೆ ಅಕ್ಕನೂ ಹೌದು, ನನ್ನ ಸಂಶೋಧನೆಯ ಕೆಲಸಗಾರ್ತಿಯೂ ಹೌದು. ಮಕ್ಕಳ ವಾರ್ಡಿನ ದೊಡ್ಡ ನರ್ಸ್ ನನ್ನ ಸ್ವಂತ ಅಕ್ಕ ಎಂದು ಸಮಿತಿಗೆ ಮೊದಲೇ ಹೇಳಿಬಿಟ್ಟಿದ್ದೇನೆ. ಅಧ್ಯಕ್ಷರು, "ಇರಲಿ ಬಿಡ್ರಿ, ನಮೂನೆ ತುಂಬೋಕೆ ಅಕ್ಕ ಆದ್ರೇನು, ತಂಗಿ ಆದ್ರೇನು" ಅಂದರು.

ಕೆಲಸ ಇಷ್ಟೆ. ನಿನ್ನ ಊರು ಒಂದು, ಗಿರಣಿ ಇರುವ ಊರು ಇನ್ನೊಂದು. ಹನ್ನೆರಡು ವರ್ಷದೊಳಗಿನ ಮಗು ಬಿದ್ದೋ, ಸುಟ್ಟುಕೊಂಡೋ, ಬೆರಳು ಜಜ್ಜಿಕೊಂಡೋ ಆಸ್ಪತ್ರೆಗೆ ಬಂದರೆ ಒಂದು ನಮೂನೆ. ಹೇಗಾಯಿತು, ಗಾಯ ಎಲ್ಲಿ, ಎಷ್ಟು ರಾತ್ರಿ ಆಸ್ಪತ್ರೆಯಲ್ಲಿತ್ತು. ತಿಂಗಳ ಕೊನೆಗೆ ಕಟ್ಟು ಕಟ್ಟಿ ಕಳಿಸು, ಜೊತೆಗೆ ಒಂದು ಕಾಗದವನ್ನೂ ಹಾಕು. ಯಾವ ಊರಿನ ಮಕ್ಕಳಿಗೆ ಹೆಚ್ಚು ಪೆಟ್ಟಾಗುತ್ತದೆಯೋ ಆ ಊರಿಗೆ ಮಕ್ಕಳ ಶಸ್ತ್ರವೈದ್ಯರೊಬ್ಬರು, ಹತ್ತು ಹಾಸಿಗೆಯ ಹೊಸ ಘಟಕ. ಎರಡೂ ಊರಿಗೆ ಕೊಡಲು ವೈದ್ಯರಿಲ್ಲ.

ಪೆಟ್ಟಿನ ತೀವ್ರತೆಯನ್ನು ಅಳೆಯುವುದು ಹೇಗೆ ಎಂದು ಮೂರು ತಿಂಗಳು ಕಿತ್ತಾಡಿದೆವು. ಒಂದರಿಂದ ಆರರವರೆಗೆ ಅಂಕ ಕೊಡುವ ಪಟ್ಟಿಯೊಂದಿದೆ. ಒಂದು ಎಂದರೆ ಸಣ್ಣ ಗಾಯ, ಆರು ಎಂದರೆ ಯಾರ ಕೈಯಲ್ಲೂ ಇಲ್ಲದ್ದು. ಆದರೆ ಪ್ರತಿ ಗಾಯವನ್ನೂ ಅದರಲ್ಲಿ ಹುಡುಕುತ್ತ ಕೂತರೆ ಕೆಲಸ ಮುಗಿದ ಹಾಗೆಯೇ. ಕೊನೆಗೆ ನನ್ನ ಸಲಹೆ ಗೆದ್ದಿತು: ರಾತ್ರಿಗಳನ್ನು ಎಣಿಸೋಣ. ಹೆಚ್ಚು ಪೆಟ್ಟಾದವರು ಹೆಚ್ಚು ರಾತ್ರಿ ಇರುತ್ತಾರೆ, ಇದರಲ್ಲಿ ಯಾರ ಕೈಚಳಕವೂ ನಡೆಯುವುದಿಲ್ಲ. ಉದಾಹರಣೆಗೆ ನನ್ನನ್ನೇ ಮುಂದಿಟ್ಟೆ. ನಾಲ್ಕನೇ ವಯಸ್ಸಿನಲ್ಲಿ ಮೆಟ್ಟಿಲಿಂದ ಬಿದ್ದೆ, ತಲೆತುಂಬ ಬಟ್ಟೆ ಸುತ್ತಿಸಿಕೊಂಡು ಒಂಬತ್ತು ರಾತ್ರಿ ಆಸ್ಪತ್ರೆಯಲ್ಲಿ ಮಲಗಿದ್ದೆ, ಬದುಕಿದ್ದೇ ಹೆಚ್ಚು ಎಂದೆ. ಕೂದಲು ಸರಿಸಿ ಗಾಯದ ಗುರುತನ್ನೂ ತೋರಿಸಿದೆ. ಎಲ್ಲರೂ ತಲೆದೂಗಿದರು.

ಅಮ್ಮ ನನ್ನ ಮನೆಯಲ್ಲಿ ಆರಾಮವಾಗಿದ್ದಾಳೆ. ಸಮಿತಿಯ ಮುಂದೆ ಹೇಳಿದ್ದನ್ನು ಊಟದ ಹೊತ್ತಿನಲ್ಲಿ ಅವಳಿಗೂ ಹೇಳಿದೆ. ಎಂದಿನಂತೆ ಎದ್ದು ಒಳಗೆ ಹೋದಳು. ಮೂವತ್ತೆಂಟು ವರ್ಷವಾದರೂ ಆ ಭಯ ಅವಳ ಎದೆಯಿಂದ ಹೋಗಿಲ್ಲ, ಪಾಪ.

ನಿನ್ನ,
ಮುಂಡಾಸು

* * *

ಮಾರ್ಚ್ 1

ಪ್ರೀತಿಯ ತಮ್ಮ ಮುಂಡಾಸು,

ಕಟ್ಟಿನಲ್ಲಿ ಮೂವತ್ತೊಂದು ನಮೂನೆಗಳಿವೆ, ಎಣಿಸಿಕೊ. ನಿನ್ನ ಚೌಕಗಳು ಇರುವೆ ಬರೆಯುವಷ್ಟು ಚಿಕ್ಕವು. ಇವನ್ನು ಮಾಡಿದವರು ಒಂದು ಕೈಯಲ್ಲಿ ಅಳುವ ಮಗುವನ್ನು ಹಿಡಿದು ಇನ್ನೊಂದು ಕೈಯಲ್ಲಿ ಬರೆದವರಲ್ಲ ಎಂದು ನೋಡಿದ ಕೂಡಲೇ ತಿಳಿಯಿತು.

ನನ್ನ ವಾರ್ಡು ನೀನು ನೋಡಿದಾಗ ಹೇಗಿತ್ತೋ ಹಾಗೇ ಇದೆ. ಹನ್ನೆರಡು ಮಂಚ. ಬಾಗಿಲ ಪಕ್ಕದ ಮಂಚದ ಚಕ್ರ ಈಗಲೂ ಕಿರುಗುಟ್ಟುತ್ತದೆ, ಆ ಮಂಚಕ್ಕಾಗಿ ಮಕ್ಕಳು ಜಗಳವಾಡುತ್ತಾರೆ. ಈ ತಿಂಗಳು ಅದು ಬಸ್ ಡಿಪೋ ಹಿಂದಿನ ಮನೆಗಳ ಹುಡುಗಿಯೊಬ್ಬಳ ಪಾಲಾಯಿತು. ಅಲ್ಲಿ ಮೆಟ್ಟಿಲುಗಳಿಗೆ ಹಿಡಿದುಕೊಳ್ಳಲು ಕಂಬಿ ಇಲ್ಲ. ಮುಂಗೈ ಮೂಳೆ ಬಿರುಕು ಬಿಟ್ಟಿದೆ. ಹೇಗೆ ಬಿದ್ದೆಯಮ್ಮ ಎಂದರೆ, "ನಾನೇನ್ ಬಿದ್ದಿಲ್ಲ, ಮೆಟ್ಲೇ ಮುಗ್ದೋಯ್ತು" ಎನ್ನುತ್ತಾಳೆ. ನಿನ್ನ ಚೌಕದಲ್ಲಿ ಅಷ್ಟು ಹಿಡಿಸಲಿಲ್ಲ, 'ಮೆಟ್ಟಿಲು' ಎಂದಷ್ಟೇ ಬರೆದೆ.

ಶಸ್ತ್ರವೈದ್ಯರ ಮಾತು ಎತ್ತಿದ್ದೀಯ. ಹೋದ ವರ್ಷ ತೊಡೆ ಮೂಳೆ ಮುರಿದ ಮಗುವನ್ನು ದೊಡ್ಡ ಆಸ್ಪತ್ರೆಗೆ ವ್ಯಾನಿನಲ್ಲಿ ಕರೆದುಕೊಂಡು ಹೋದೆ. ನಾಲ್ಕು ಗಂಟೆಯ ದಾರಿ, ಉದ್ದಕ್ಕೂ ಆ ಕಾಲನ್ನು ಅಲುಗದ ಹಾಗೆ ಹಿಡಿದುಕೊಂಡು ಕೂತವಳು ನಾನು. ಆ ವೈದ್ಯರು ನಮ್ಮೂರಿಗೇ ಬರಲಿ ಎಂದು ನನಗೆಷ್ಟು ಆಸೆ ಎಂಬುದನ್ನು ನಿನ್ನ ಸಮಿತಿಗೆ ಮಾತ್ರ ಹೇಳಬೇಡ.

ಇನ್ನೊಂದು ಮಾತು. ಆ ಒಂಬತ್ತು ರಾತ್ರಿಯ ಕಥೆಯನ್ನು ಅಮ್ಮನ ಮುಂದೆ ಹೇಳಬೇಡ. ಊಟವನ್ನಾದರೂ ನೆಮ್ಮದಿಯಿಂದ ಮಾಡಲಿ.

ಅಕ್ಕ

* * *

ಏಪ್ರಿಲ್ 9

ಪ್ರೀತಿಯ ಅಕ್ಕನಿಗೆ,

ಸಿಹಿ ಸುದ್ದಿ. ಎರಡು ತಿಂಗಳ ನಮೂನೆಗಳನ್ನು ಕೂಡಿ ನೋಡಿದೆವು. ನಿನ್ನ ಊರಿನ ಮಕ್ಕಳು ಸರಾಸರಿ ಮೂರೂವರೆ ರಾತ್ರಿ ಆಸ್ಪತ್ರೆಯಲ್ಲಿದ್ದಾರೆ. ಗಿರಣಿ ಊರಿನವರು ಒಂದು ರಾತ್ರಿಯೂ ಇಲ್ಲ. ಇಷ್ಟು ಅಂತರವನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅಧ್ಯಕ್ಷರು ಆಗಲೇ ನಿನ್ನ ಆಸ್ಪತ್ರೆಯ ಹಿಂದಿನ ಖಾಲಿ ಜಾಗ ಎಷ್ಟಿದೆ ಎಂದು ಕೇಳುತ್ತಿದ್ದಾರೆ. ಸಮಿತಿ ಜೂನ್ 30ಕ್ಕೆ ಸೇರುತ್ತದೆ. ನೀನು ಈಗಿಂದಲೇ ಹೊಸ ಘಟಕದ ಪರದೆಗೆ ಬಣ್ಣ ಆರಿಸಿಕೊಳ್ಳಬಹುದು.

ನಮ್ಮ ಅಂಕಿಅಂಶದ ಮೇಡಂ ಒಂದು ಸಂದೇಹ ಕೇಳಿದರು. ಬರುವ ವರ್ಷ ನಿವೃತ್ತಿ, ಆದರೂ ಅವರ ಕಣ್ಣು ತಪ್ಪಿಸಿ ಒಂದು ಸೊನ್ನೆಯೂ ಓಡಾಡುವಂತಿಲ್ಲ. ನಿನ್ನ ಎಷ್ಟೋ ನಮೂನೆಗಳ ಅಂಚಿನಲ್ಲಿ 'ಇನ್ನೂ ಇರಲಿ' ಎಂದು ಬರೆದಿದೆಯಂತೆ, ಏನದು ಎಂದರು. ತಲೆಗೆ, ಹೊಟ್ಟೆಗೆ ಪೆಟ್ಟು ಬಿದ್ದಾಗ ಡಾಕ್ಟರು ಒಂದೆರಡು ದಿನ ನಿಗಾ ಇಡುತ್ತಾರಲ್ಲ, ಅದು ಎಂದೆ. 'ಮುಂದುವರಿದ ನಿಗಾ' ಎಂಬ ಹೊಸ ಕಾಲಂ ಮಾಡಿ ಎಲ್ಲವನ್ನೂ ಅದರಲ್ಲಿ ಸೇರಿಸಿದೆವು. ಸರಿ ತಾನೆ?

ಮುಂಡಾಸು

* * *

ಮೇ 2

ತಮ್ಮನಿಗೆ,

ಇಪ್ಪತ್ತೇಳು ನಮೂನೆ ಕಳಿಸಿದ್ದೇನೆ. ಇಬ್ಬರು ನರ್ಸುಗಳು ರಜೆಯಲ್ಲಿದ್ದಾರೆ, ಕೈ ಬಿಡುವಿಲ್ಲ.

ನಿನ್ನ ನಮೂನೆಯಲ್ಲಿ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುವ ಸಾಲು ಯಾಕಿಲ್ಲ? ಸುಮ್ಮನೆ ಕೇಳಿದೆ.

ಅಕ್ಕ

* * *

ಮೇ 17

ಪ್ರೀತಿಯ ಅಕ್ಕನಿಗೆ,

ನೀನು ಕೇಳಿದ ಸಾಲನ್ನು ಬೇಕೆಂದೇ ಬಿಟ್ಟಿದ್ದೇವೆ. ಮನೆಯಲ್ಲಿ ಯಾರಿದ್ದಾರೆ ಎಂಬುದು ಗಾಯಕ್ಕೆ ಗೊತ್ತಿರುವುದಿಲ್ಲ. ನಮಗೆ ಬೇಕಾದದ್ದು ಗಾಯ ಮಾತ್ರ.

ಈಗ ನೆಮ್ಮದಿಯಿಲ್ಲದ ವಿಷಯ. ಹೋದ ವಾರ ಗಿರಣಿ ಊರಿಗೆ ಹೋಗಿದ್ದೆ. ಅಲ್ಲಿನ ಮಕ್ಕಳ ವಾರ್ಡನ್ನು ನೋಡಿಕೊಳ್ಳುವ ನರ್ಸ್ ಎತ್ತರದ ಗಂಡಸು, ಮಾತು ಕಡಿಮೆ. ನಾನು ಅಂಕಿಗಳನ್ನು ವಿವರಿಸುತ್ತಿದ್ದರೆ ಆತ ಕಪಾಟಿನಿಂದ ಒಂದು ನಮೂನೆ ತೆಗೆದು ಮುಂದಿಟ್ಟ. ಎರಡು ವರ್ಷದ ಮಗು, ಬಟ್ಟೆಯ ಬೀರು ಮೈಮೇಲೆ ಉರುಳಿದೆ. ಆಸ್ಪತ್ರೆಯ ಬಾಗಿಲಲ್ಲೇ ಜೀವ ಹೋಗಿದೆ. ರಾತ್ರಿಗಳು: ಸೊನ್ನೆ. "ನಿಮ್ಮ ಲೆಕ್ಕದಲ್ಲಿ ಈ ಮಗೂಗೆ ಏನೂ ಆಗಿಲ್ಲ ಸಾರ್" ಅಂದ. ಕೋಪದಿಂದ ಅನ್ನಲಿಲ್ಲ, ಅದೇ ನನಗೆ ಹೆಚ್ಚು ನಾಟಿತು. ಅಲ್ಲಿರುವುದು ಆರೇ ಮಂಚ. ಸಣ್ಣಪುಟ್ಟವರನ್ನು ಸಂಜೆಗೇ ಮನೆಗೆ ಕಳಿಸುತ್ತಾರೆ. ಕೈಮೀರಿದವರನ್ನು ವ್ಯಾನಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಇಬ್ಬರೂ ನನ್ನ ಪುಸ್ತಕದಲ್ಲಿ ಸೊನ್ನೆ.

ವಾಪಸು ಬಂದವನೇ ಮೇಡಂ ಮುಂದೆ ತಪ್ಪೊಪ್ಪಿಕೊಂಡೆ. ಒಂದರಿಂದ ಆರರ ಆ ಪಟ್ಟಿಯನ್ನು ತೆಗೆದು ಎರಡೂ ಊರಿನ ಗಾಯಗಳಿಗೆ ಒಂದೊಂದಾಗಿ ಅಂಕ ಕೊಡುತ್ತ ಕೂತೆವು. ಗಿರಣಿ ಊರಿನಲ್ಲಿ ಮೂರು, ನಾಲ್ಕು, ಐದು ಸಿಗುತ್ತಿವೆ. ನಿನ್ನ ಊರಿನಲ್ಲಿ ಹೆಚ್ಚಿನವು ಒಂದು, ಅಲ್ಲೊಂದು ಇಲ್ಲೊಂದು ಎರಡು. ತುಟಿ ಸೀಳಿದ ಮಗುವೊಂದು ನಾಲ್ಕು ರಾತ್ರಿ ಇದೆ. ಮಂಡಿ ತರಚಿದ್ದಕ್ಕೆ ಮೂರು ರಾತ್ರಿ.

ಯಾಕೆ ಅಕ್ಕ? ನಿಮ್ಮ ಡಾಕ್ಟರು ಹೊಸ ಘಟಕದ ಆಸೆಗೆ ಮಂಚ ತುಂಬಿಸಿ ತೋರಿಸುತ್ತಿದ್ದಾರೆಯೇ? ನಿನಗೆ ಗೊತ್ತಾಗದ ಹಾಗೆ ನಡೆಯುತ್ತಿದ್ದರೆ ನನಗೆ ಗುಟ್ಟಾಗಿ ತಿಳಿಸು. ನಿನ್ನ ಹೆಸರು ಎಲ್ಲೂ ಬರುವುದಿಲ್ಲ.

ಮುಂಡಾಸು

* * *

ಜೂನ್ 5

ಅಕ್ಕ,

ನಮೂನೆಗಳ ಕಟ್ಟು ಬಂತು, ಅದರಲ್ಲಿ ಕಾಗದವಿರಲಿಲ್ಲ. ಎರಡು ಸಲ ಕೊಡವಿ ನೋಡಿದೆ.

ಡಾಕ್ಟರ ಮೇಲೆ ಮಾತು ಬಂದದ್ದಕ್ಕೆ ನಿನಗೆ ಬೇಸರವಾಗಿರಬೇಕು. ಅಷ್ಟು ವರ್ಷ ಜೊತೆಗೆ ಕೆಲಸ ಮಾಡಿದವರು, ನಿನಗೆ ಸಂಕಟವೇ. ಆದರೆ 30ನೇ ತಾರೀಖು ನಾನು ಎಲ್ಲರ ಮುಂದೆ ನಿಂತು ಏನಾದರೂ ಹೇಳಲೇಬೇಕು. ಒಂದು ಸಾಲು ಬರೆ, ಸಾಕು.

ಮುಂಡಾಸು

* * *

ಜೂನ್ 12

ಪ್ರೀತಿಯ ತಮ್ಮ,

ಡಾಕ್ಟರನ್ನು ಬಿಟ್ಟುಬಿಡು. ಅವರು ಪಾಪದ ಮನುಷ್ಯ, ನಾನು ಬೆರಳಿಟ್ಟ ಕಡೆ ಸಹಿ ಹಾಕುತ್ತಾರೆ. 'ಇನ್ನೂ ಇರಲಿ' ಎಂದು ಬರೆಯುವವಳು ನಾನು.

ತುಟಿ ಸೀಳಿದ ಮಗುವಿನ ತಾಯಿ ಬೆಳಗಿನ ಐದಕ್ಕೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ಮನೆಯಲ್ಲಿ ಅದನ್ನು ನೋಡಿಕೊಳ್ಳುವವಳು ಆರು ವರ್ಷದ ಅಕ್ಕ. ತಾಯಿಗೆ ವಾರದ ರಜೆ ಗುರುವಾರ, ಅಲ್ಲಿಯವರೆಗೆ ಇಟ್ಟುಕೊಂಡೆ. ಮೆಟ್ಟಿಲು ಮುಗಿದುಹೋದ ಹುಡುಗಿಯ ಸೋದರಮಾವ ಶನಿವಾರ ಬಂದು ಮೆಟ್ಟಿಲಿಗೆ ಕಂಬಿ ಹಾಕಿಕೊಡುತ್ತೇನೆ ಅಂದ. ಹಾಕಿದ ಮೇಲೆ ಕಳಿಸಿದೆ. ಎಲ್ಲವೂ ಹೀಗೆಯೇ. ಗಾಯಕ್ಕೆ ಅಷ್ಟು ರಾತ್ರಿ ಬೇಕಿರಲಿಲ್ಲ, ಮನೆಗೆ ಬೇಕಿತ್ತು. ಮಂಚ ಖಾಲಿ ಇದ್ದಾಗ ಮಾತ್ರ ಇಟ್ಟುಕೊಳ್ಳುತ್ತೇನೆ, ಇನ್ನೊಂದು ಮಗುವಿನ ಜಾಗ ಕಿತ್ತುಕೊಂಡಿಲ್ಲ.

ಇಲ್ಲಿಯವರೆಗೆ ಹೇಳುವುದು ಸುಲಭ. ಮುಂದಿನದು ಕಷ್ಟ. ಮೂರೂವರೆ ರಾತ್ರಿ ಎಂದು ನೀನು ಏಪ್ರಿಲ್‌ನಲ್ಲಿ ಬರೆದಾಗಲೇ ಲೆಕ್ಕ ಎಲ್ಲಿ ಎಡವಿದೆ ಎಂದು ನನಗೆ ಗೊತ್ತಾಯಿತು. 'ಮುಂದುವರಿದ ನಿಗಾ' ಎಂದು ಓದಿ ನಗುವೂ ಬಂತು. ಆದರೂ ಸುಮ್ಮನಿದ್ದೆ. ಮರೆತೆ ಎಂದು ಹೇಳಲಾರೆ, ಬಿಡುವಿರಲಿಲ್ಲ ಎಂದೂ ಹೇಳಲಾರೆ. ಆಸೆಯಾಯಿತು. ಬರಲಿ ಆ ವೈದ್ಯರು, ನಾನೇನು ಕದ್ದೆನಾ, ಎಂದುಕೊಂಡೆ. ಆ ಬೀರುವಿನ ಮಗುವಿನ ವಿಷಯ ಓದಿದ ಮೇಲೆ ಪೆನ್ನು ಹಿಡಿಯಲು ಮುಖವಿರಲಿಲ್ಲ. ನನ್ನ ಮೇಲೆ ನನಗೇ ನಾಚಿಕೆಯಾಗಿದೆ, ತಮ್ಮ.

ಇದರ ಜೊತೆಗೆ ಒಂದು ಹಳೆಯ ಕಾರ್ಡಿದೆ. ಮೊದಲು ಅದನ್ನು ನೋಡು, ಆಮೇಲೆ ಮುಂದೆ ಓದು.

ಅದು ನಿನ್ನದೇ. ನೀನು ಮಲಗಿದ್ದ ಆಸ್ಪತ್ರೆಯಲ್ಲೇ ನನ್ನ ಟ್ರೇನಿಂಗ್ ನಡೆದದ್ದು. ಎರಡನೇ ವರ್ಷ ಹಳೆಯ ಕಾಗದಗಳನ್ನು ತೆಗೆದುಹಾಕುವಾಗ ಸಿಕ್ಕಿತು, ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ. 'ತಲೆಯ ಬಲಭಾಗದಲ್ಲಿ ಸೀಳು, ನಾಲ್ಕು ಹೊಲಿಗೆ. ಪ್ರಜ್ಞೆ ತಪ್ಪಿಲ್ಲ. ವಾಂತಿಯಿಲ್ಲ. ಮಗು ಆಟವಾಡುತ್ತಿದೆ.' ನಿನ್ನ ಪಟ್ಟಿಯಲ್ಲಿ ಇದಕ್ಕೆ ಎಷ್ಟು ಅಂಕ ಎಂದು ನನಗಿಂತ ನಿನಗೆ ಚೆನ್ನಾಗಿ ಗೊತ್ತು.

ನೀನು ಬಿದ್ದ ಹಿಂದಿನ ದಿನ ಅಪ್ಪನಿಗೂ ಅಮ್ಮನಿಗೂ ಜಗಳವಾಗಿತ್ತು. ಅಪ್ಪ ಲಾರಿ ಹತ್ತಿಕೊಂಡು ಹೋದರು, ಎರಡು ವಾರದ ಬಾಡಿಗೆ. ಮರುದಿನ ಬೆಳಿಗ್ಗೆ ಅಮ್ಮ ಒಂದು ಚೀಲ ತೆಗೆದುಕೊಂಡಳು. "ತಮ್ಮನ್ನ ನೋಡ್ಕೊ, ಸಂಜೆ ಬರ್ತೀನಿ" ಅಂದಳು. ನನಗೆ ಹನ್ನೊಂದು ವರ್ಷ. ಮಧ್ಯಾಹ್ನ ನಾನು ಪಾತ್ರೆ ತೊಳೆಯುತ್ತಿದ್ದಾಗ ನೀನು ಬಿದ್ದೆ. ನೋಡಿಕೊಳ್ಳಬೇಕಾದವಳು ನಾನು, ನನ್ನ ಬೆನ್ನು ನಿನ್ನ ಕಡೆಗಿತ್ತು. ನಿನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ಆಸ್ಪತ್ರೆಗೆ ನಡೆದೆ.

ದೊಡ್ಡ ಸಿಸ್ಟರ್ ಅಂತ ಒಬ್ಬರಿದ್ದರು. ಹೊಲಿಗೆ ಹಾಕಿದ ಮೇಲೆ, "ಮನೇಲಿ ಯಾರಿದ್ದಾರೆ?" ಅಂದರು. "ಅಮ್ಮ ಇದ್ದಾಳೆ, ಬರ್ತಾಳೆ" ಅಂದೆ. ಮರುದಿನವೂ ಕೇಳಿದರು, ಅದೇ ಉತ್ತರ ಕೊಟ್ಟೆ. ಮೂರನೇ ದಿನದಿಂದ ಕೇಳುವುದನ್ನು ಬಿಟ್ಟರು. ಡಾಕ್ಟರು ರೌಂಡ್ಸಿಗೆ ಬರುವ ಮೊದಲು ನಿನ್ನ ತಲೆಯ ಬಟ್ಟೆ ಬಿಚ್ಚಿ, ಮೊದಲಿಗಿಂತ ದಪ್ಪಗೆ ಸುತ್ತುತ್ತಿದ್ದರು. ನಿನಗೆ ಹೆಸರು ತಂದುಕೊಟ್ಟ ಆ ಮುಂಡಾಸಿನ ಮುಕ್ಕಾಲು ಪಾಲು ಡಾಕ್ಟರ ಕಣ್ಣಿಗಾಗಿ ಕಟ್ಟಿದ್ದು. ನಾನು ನಿನ್ನ ಮಂಚದ ಕೆಳಗೆ ಮಲಗುತ್ತಿದ್ದೆ. ಯಾರೂ ನನ್ನನ್ನು ಏಳಿಸಲಿಲ್ಲ.

ಕಾರ್ಡಿನ ಹಿಂಭಾಗ ನೋಡು. ಒಂಬತ್ತು ದಿನ, ಒಂಬತ್ತು ಸಾಲು, ಪ್ರತಿ ಸಾಲಿನಲ್ಲೂ 'ಇನ್ನೂ ಇರಲಿ'. ಹತ್ತನೆಯ ಸಾಲಿನಲ್ಲಿ 'ತಾಯಿ ಬಂದರು. ಬಿಡುಗಡೆ.' ಅದೇ ಚೀಲ ಹಿಡಿದುಕೊಂಡು ಬಂದಳು. ದೊಡ್ಡ ಸಿಸ್ಟರ್ ಬೈಯಲಿಲ್ಲ. "ಬಂದ್ರಲ್ಲ" ಅಂದರು, ಅಷ್ಟೆ. ದಾರಿಯಲ್ಲಿ ಅಮ್ಮ, "ಅಪ್ಪಂಗೆ ಹೇಳ್ಬೇಡ" ಅಂದಳು. ಹೇಳಲಿಲ್ಲ. ಎಲ್ಲಿಗೆ ಹೋಗಿದ್ದೆ ಎಂದು ಅವಳನ್ನೂ ಕೇಳಲಿಲ್ಲ. ಅಪ್ಪ ಬಂದು ನಿನ್ನ ತಲೆ ನೋಡಿ, ಒಂಬತ್ತು ರಾತ್ರಿ ಎಂದು ಕೇಳಿ, ಬದುಕಿದ್ದೇ ಹೆಚ್ಚು ಅಂದರು. ಆ ಮಾತು ಮನೆಯಲ್ಲಿ ಉಳಿದುಕೊಂಡಿತು. ಅದನ್ನು ಕೇಳುತ್ತಲೇ ನೀನು ಬೆಳೆದೆ, ಓದಿದೆ, ಇದೇ ಕೆಲಸ ಹಿಡಿದೆ. ತಿದ್ದಲು ನನಗೆ ಮನಸ್ಸಾಗಲಿಲ್ಲ.

ಅಮ್ಮ ಎದ್ದು ಒಳಗೆ ಹೋಗುವುದು ಭಯಕ್ಕಲ್ಲ ಎಂದು ಈಗ ನಿನಗೆ ತಿಳಿದಿರಬೇಕು.

30ನೇ ತಾರೀಖು ಇದ್ದದ್ದನ್ನು ಇದ್ದ ಹಾಗೆ ಹೇಳು, ನನ್ನ ಹೆಸರು ಹಿಡಿದೇ ಹೇಳು.

ಅಕ್ಕ

* * *

ಜುಲೈ 3

ಪ್ರೀತಿಯ ಅಕ್ಕನಿಗೆ,

ಮೂರು ದಿನ ನಿನ್ನ ಮೇಲೆ ಸಿಟ್ಟಿತ್ತು. ಸುಮ್ಮನಿದ್ದದ್ದಕ್ಕಿಂತ ಹೆಚ್ಚಾಗಿ, ನನ್ನ ದೊಡ್ಡ ಗಾಯವನ್ನು ಕಿತ್ತುಕೊಂಡದ್ದಕ್ಕೆ. ನಗಬೇಡ. ನಾಲ್ಕನೇ ವಯಸ್ಸಿನಿಂದ ಅದನ್ನು ಪದಕದ ಹಾಗೆ ಹಾಕಿಕೊಂಡು ತಿರುಗಿದವನು ನಾನು. ನಾಲ್ಕನೇ ದಿನ ಕಾರ್ಡನ್ನು ತಿರುಗಿಸಿ ಆ ಒಂಬತ್ತು ಸಾಲುಗಳನ್ನು ಬೆರಳಿಟ್ಟು ಎಣಿಸಿದೆ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ಅಳು ಬಂತು.

ಸಮಿತಿಯ ಮುಂದೆ ಎಲ್ಲವನ್ನೂ ಹೇಳಿದೆ. ಅಮ್ಮನ ಮಾತು ಮಾತ್ರ ಎತ್ತಲಿಲ್ಲ. ಫೆಬ್ರವರಿಯಲ್ಲಿ ನನ್ನ ಗುರುತನ್ನು ತೋರಿಸಿದ್ದೆನಲ್ಲ, ಆ ಗಾಯಕ್ಕೆ ಪಟ್ಟಿಯ ಪ್ರಕಾರ ಒಂದು ಅಂಕ, ಮನೆಯಲ್ಲಿ ದೊಡ್ಡವರು ಇರಲಿಲ್ಲವೆಂದು ನರ್ಸೊಬ್ಬರು ಇಟ್ಟುಕೊಂಡಿದ್ದರು ಎಂದೆ. ಅಧ್ಯಕ್ಷರು ಕನ್ನಡಕ ತೆಗೆದು, "ಹಾಗಾದ್ರೆ ಐದು ತಿಂಗಳು ನಾವು ಅಳೆದಿದ್ದು ಏನನ್ನ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಮೇಡಂ, "ಒಂದೂರಲ್ಲಿ ಎಷ್ಟು ಮಂಚ ಇದೆ ಅನ್ನೋದನ್ನ, ಇನ್ನೊಂದೂರಲ್ಲಿ ಮನೇಲಿ ಯಾರಿಲ್ಲ ಅನ್ನೋದನ್ನ ಸಾರ್" ಅಂದರು. ಶಸ್ತ್ರವೈದ್ಯರು ಗಿರಣಿ ಊರಿಗೆ ಹೋಗುತ್ತಾರೆ. ಆ ಎತ್ತರದ ನರ್ಸಿಗೆ ನಾನೇ ಫೋನ್ ಮಾಡಿದೆ. ಆತ, "ಯಾವಾಗ ಬರ್ತಾರೆ?" ಎಂದು ಕೇಳಿದ.

ನಿನ್ನ ಊರಿಗೆ ವೈದ್ಯರು ಬರುವುದಿಲ್ಲ, ಅಕ್ಕ. ಇನ್ನೂ ಎಷ್ಟು ವರ್ಷ ನೀನು ಆ ವ್ಯಾನಿನಲ್ಲಿ ಕಾಲು ಹಿಡಿದು ಕೂರಬೇಕೋ. ನಿನಗಾಗಿ ಗೆದ್ದುಕೊಂಡು ಬಂದದ್ದು ಒಂದೇ ಸಾಲು. ಹೊಸ ನಮೂನೆಯಲ್ಲಿ ರಾತ್ರಿಗಳ ಪಕ್ಕದಲ್ಲಿ, 'ಮನೆಯಲ್ಲಿ ನೋಡಿಕೊಳ್ಳುವವರು ಯಾರು?' ಎಂದಿದೆ. ಚೌಕವನ್ನು ದೊಡ್ಡದಾಗಿ ಮಾಡಿಸಿದ್ದೇನೆ.

ಇನ್ನು ಅಮ್ಮ. ನಿನ್ನೆ ಪಕ್ಕದ ಮನೆಯ ಟೀಚರು ಬಂದಿದ್ದರು. ಮಾತಿನ ಮಧ್ಯೆ, "ನಿಮ್ಮ ಒಂಬತ್ತು ರಾತ್ರಿ ಕಥೆ ನನ್ ಮಗಳಿಗೆ ಹೇಳಿದ್ದೆ, ಇನ್ನೊಂದ್ಸಲ ಹೇಳಿ" ಅಂದರು. ಅಮ್ಮ ನನ್ನ ಅಂಗಿಗೆ ಗುಂಡಿ ಹಾಕುತ್ತ ಕೂತಿದ್ದಳು. ಅಂಗಿ ಮಡಚಿಕೊಂಡು ಏಳಲು ಹೊರಟಳು. ನಾನು, "ಅಂಥದ್ದೇನಿಲ್ಲ ಟೀಚರ್, ಸಣ್ಣ ಗಾಯ, ನಾಲ್ಕು ಹೊಲಿಗೆ. ಸಿಸ್ಟರ್ ಒಳ್ಳೆಯವ್ರು, ಇಟ್ಕೊಂಡಿದ್ರು. ಅಕ್ಕ ಜೊತೆಗಿದ್ಲು" ಅಂದೆ. ಅಮ್ಮ ಮತ್ತೆ ಕೂತಳು.

ಟೀಚರು ಹೋದ ಮೇಲೆ, "ಅವ್ಳು ಹೇಳಿದ್ಲಾ?" ಎಂದು ಕೇಳಿದಳು. ಹೂಂ ಅಂದೆ. ಗುಂಡಿ ಹಾಕಿ ಮುಗಿಸಿದಳು, ದಾರ ಕಡಿದಳು, ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಆಮೇಲೆ ನನ್ನ ಕಡೆ ನೋಡದೆ, "ಅಷ್ಟೂ ದಿನ ಅವ್ಳು ಏನ್ ತಿಂದ್ಲು?" ಅಂದಳು.

ನನಗೆ ಗೊತ್ತಿರಲಿಲ್ಲ. ನಿನ್ನ ಕಾಗದವನ್ನು ತೆಗೆದು ಮತ್ತೆ ಓದಿದೆ, ಅದರಲ್ಲಿ ಆ ಮಾತೇ ಇಲ್ಲ. ನನ್ನ ಹೆಸರಿನಲ್ಲಿ ಒಂದು ಕಾರ್ಡಾದರೂ ಇತ್ತು. ಮಂಚದ ಕೆಳಗಿದ್ದವಳ ಬಗ್ಗೆ ಯಾರೂ ಏನೂ ಬರೆದಿಡಲಿಲ್ಲ.

ಉತ್ತರವನ್ನು ನೀನೇ ಬರೆ. ನನಗೆ ಬೇಡ, ಅವಳಿಗೆ ಬರೆ. ಹೊಸ ಕನ್ನಡಕ ಬಂದಿದೆ, ಚೆನ್ನಾಗಿ ಓದುತ್ತಾಳೆ.

ನಿನ್ನ,
ಈಗಲೂ ಮುಂಡಾಸು

* * *

ಜುಲೈ 10

ಅಮ್ಮನಿಗೆ,

ಬೆಳಿಗ್ಗೆ ಬ್ರೆಡ್ಡು, ಹಾಲು. ಮಧ್ಯಾಹ್ನ ದೊಡ್ಡ ಸಿಸ್ಟರ್ ತಮ್ಮ ಊಟದ ಡಬ್ಬಿಯ ಮುಚ್ಚಳದಲ್ಲಿ ನನಗೂ ಹಾಕಿಕೊಡುತ್ತಿದ್ದರು. ಸಂಜೆ ಮಕ್ಕಳಿಗೆ ಬೇಯಿಸಿದ ಮೊಟ್ಟೆ ಬರುತ್ತಿತ್ತು. ನಿನ್ನ ಮಗ ಹಳದಿ ತಿಂದು ಬಿಳಿ ಬಿಡುತ್ತಿದ್ದ, ಅದು ನನ್ನ ಪಾಲಿಗೆ. ಒಂದು ದಿನ ಯಾರದೋ ತಾಯಿ ಇಡೀ ವಾರ್ಡಿಗೆ ಬಾಳೆಹಣ್ಣು ಹಂಚಿದರು, ಎರಡು ತಿಂದೆ.

ನಾನು ಹಸಿದುಕೊಂಡಿರಲಿಲ್ಲ, ಅಮ್ಮ. ಇದನ್ನು ಅವತ್ತೇ ದಾರಿಯಲ್ಲಿ ಹೇಳಬಹುದಿತ್ತು. ನೀನು ಕೇಳುತ್ತೀಯ ಎಂದು ಕಾದೆ, ಆಮೇಲೆ ಕಾಯುವುದೇ ಅಭ್ಯಾಸವಾಯಿತು. ನಿನ್ನ ಮೇಲೆ ನನಗೆ ಕೋಪವಿತ್ತು. ಈಗ ಹುಡುಕಿದರೂ ಸಿಗುತ್ತಿಲ್ಲ.

ನಮ್ಮ ವಾರ್ಡಿಗೆ ಮಕ್ಕಳನ್ನು ಕರೆದುಕೊಂಡು ಹೋಗಲು ತಡವಾಗಿ ಬರುವ ತಾಯಂದಿರನ್ನು ದಿನವೂ ನೋಡುತ್ತೇನೆ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುವುದಿಲ್ಲ. ಮೊದಲು ಕೂರಿಸಿ, ಊಟವಾಯಿತೇ ಎಂದು ಕೇಳುತ್ತೇನೆ. ಹೆಚ್ಚಿನವರದು ಆಗಿರುವುದಿಲ್ಲ.

ನಿನ್ನನ್ನು ಮಾತ್ರ ನಾನು ಕೇಳಲೇ ಇಲ್ಲ. ಮುಂದಿನ ವಾರ ರಜೆ ಹಾಕಿ ಬರುತ್ತಿದ್ದೇನೆ. ಆ ಒಂಬತ್ತು ದಿನ ನೀನು ಏನು ತಿಂದೆ?

ನಿನ್ನ ಮಗಳು